ಬೆಲೆ ಎಷ್ಟು? ಯಾವ ಅಳತೆಗೆ?

ಸಂತೆಗೆ ಹೋಗ್ತೀವಿ. ಹೂವಾಡಗಿತ್ತಿಯ ಬುಟ್ಟಿಯ ಮುಂದೆ ನಿಲ್ತೀವಿ. "ಮಲ್ಲಿಗೆ ಹೇಗಮ್ಮ?" ಅಂತ ಕೇಳ್ತೀವಿ. "ಮೊಳ ಇಪ್ಪತ್ತು. ಮಾರು ತಗೊಂಡ್ರೆ ಎಪ್ಪತ್ತು" ಅಂತ ಆಕೆ ಹೇಳ್ತಾಳೆ.

ನಾವು ನಿಂತಲ್ಲೇ ಲೆಕ್ಕ ಹಾಕ್ತೀವಿ. ಒಂದು ಮಾರಿಗೆ ನಾಲ್ಕು ಮೊಳ. ನಾಲ್ಕು ಸಲ ಇಪ್ಪತ್ತು ಅಂದ್ರೆ ಎಂಬತ್ತು. ಮಾರು ತಗೊಂಡ್ರೆ ಹತ್ತು ರೂಪಾಯಿ ಉಳೀತು.

ಈ ಲೆಕ್ಕವನ್ನು ನಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ಆದರೂ ಬರುತ್ತದೆ. ಹಾಗಾದರೆ ಬಟ್ಟೆಯ ಲೆಕ್ಕ, ಜಮೀನಿನ ಲೆಕ್ಕ ಯಾಕೆ ಬರಬಾರದು? ಅದೂ ಹೂವಿನ ಲೆಕ್ಕದಂತೆಯೇ. ಒಂದು ಮಾತು ನೆನಪಿಟ್ಟರೆ ಸಾಕು. ಬೆಲೆ ಎಷ್ಟು ಎಂದು ಮಾತ್ರ ಕೇಳಬಾರದು. ಯಾವ ಅಳತೆಗೆ ಅಷ್ಟು ಬೆಲೆ ಎಂದೂ ಕೇಳಬೇಕು.

ರವಿಕೆ ಕಣದ ಲೆಕ್ಕ

ಮೊಳ ಎಲ್ಲರದೂ ಒಂದೇ ಅಲ್ಲ. ಉದ್ದ ಕೈಯವರ ಮೊಳ ದೊಡ್ಡದು. ಗಿಡ್ಡ ಕೈಯವರ ಮೊಳ ಚಿಕ್ಕದು. ಮೀಟರ್ ಹಾಗಲ್ಲ. ಎಲ್ಲ ಊರಿನಲ್ಲೂ ಅದು ಒಂದೇ. ನಮ್ಮ ದೇಶದಲ್ಲಿ 1956ರಲ್ಲಿ ಕಾನೂನು ಮಾಡಿ ಮೀಟರ್ ಅಳತೆಯನ್ನು ತಂದರು. ಬಟ್ಟೆ ಅಂಗಡಿಯ ಮೀಟರ್ ಕೋಲಿನ ಮೇಲೆ ಸರ್ಕಾರದ ಮುದ್ರೆ ಇರಬೇಕು.

ಒಂದು ಮೀಟರ್ ಅಂದರೆ 100 ಸೆಂಟಿಮೀಟರ್.

ಅಂಗಡಿಯಲ್ಲಿ ರವಿಕೆ ಕಣ ಮಡಿಸಿ ಇಟ್ಟಿದ್ದಾರೆ. ಉದ್ದ 80 ಸೆಂಟಿಮೀಟರ್. ಬೆಲೆ 100 ರೂಪಾಯಿ. ಪಕ್ಕದಲ್ಲೇ ಅಂಥದೇ ಬಟ್ಟೆಯ ತಾನು ಇದೆ. ಅದು ಮೀಟರಿಗೆ 120 ರೂಪಾಯಿ. "ನೂರು ರೂಪಾಯಿದೇ ಅಗ್ಗ" ಅನ್ನಿಸುತ್ತದೆ. ನಿಜವೇ? ನೋಡೋಣ.

ತಾನಿನ ಬಟ್ಟೆ 100 ಸೆಂಟಿಮೀಟರಿಗೆ 120 ರೂಪಾಯಿ. ಅಂದರೆ ಒಂದು ಸೆಂಟಿಮೀಟರಿಗೆ 1 ರೂಪಾಯಿ 20 ಪೈಸೆ. 80 ಸೆಂಟಿಮೀಟರಿಗೆ 96 ರೂಪಾಯಿ. ಅಗಲ ಎರಡಕ್ಕೂ ಒಂದೇ ಇದ್ದರೆ, ತಾನಿನಲ್ಲಿ ಕತ್ತರಿಸಿ ತಗೊಂಡರೆ 4 ರೂಪಾಯಿ ಕಡಿಮೆ.

ಮೊದಲು ಒಂದರ ಬೆಲೆ ತೆಗೆಯಬೇಕು. ಆಮೇಲೆ ನಮಗೆ ಬೇಕಾದಷ್ಟಕ್ಕೆ ಗುಣಿಸಬೇಕು. ಎಲ್ಲ ಲೆಕ್ಕಕ್ಕೂ ಇದೇ ದಾರಿ.

ಉದ್ದ ಬೇರೆ, ವಿಸ್ತೀರ್ಣ ಬೇರೆ

ಹೂವು, ದಾರ, ಹಗ್ಗ ಇವಕ್ಕೆ ಉದ್ದ ನೋಡಿದರೆ ಸಾಕು. ನೆಲಕ್ಕೆ ಉದ್ದವೂ ಬೇಕು, ಅಗಲವೂ ಬೇಕು. ಉದ್ದವನ್ನು ಅಗಲದಿಂದ ಗುಣಿಸಿದರೆ ವಿಸ್ತೀರ್ಣ ಸಿಗುತ್ತದೆ.

ಅಂಗಳದಲ್ಲಿ ರಂಗೋಲಿ ಪುಡಿ ಹಿಡಿದು ಕೂತುಕೊಳ್ಳಿ. 3 ಅಡಿ ಉದ್ದ, 3 ಅಡಿ ಅಗಲದ ಒಂದು ಚೌಕ ಬರೆಯಿರಿ. ಒಂದೊಂದು ಅಡಿಗೆ ಗೆರೆ ಎಳೆಯಿರಿ. ಈಗ ಮನೆಗಳನ್ನು ಎಣಿಸಿ. ಮೂರಲ್ಲ, ಒಂಬತ್ತು! ಒಂದೊಂದು ಮನೆಯೂ ಒಂದು ಚದರ ಅಡಿ. ಒಟ್ಟು 9 ಚದರ ಅಡಿ.

ಮನೆ ನಿವೇಶನದ ಲೆಕ್ಕವೂ ಹೀಗೆಯೇ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನ ಅಂದರೆ 1,200 ಚದರ ಅಡಿ. ಚದರ ಅಡಿಗೆ 500 ರೂಪಾಯಿ ಎಂದರೆ ಒಟ್ಟು 6 ಲಕ್ಷ ರೂಪಾಯಿ.

ದುಡ್ಡು ಕೊಡುವ ಮುಂಚೆ ನಾವೇ ಟೇಪು ಹಿಡಿದು ಅಳೆಯಬೇಕು. ಅಗಲ 30 ಅಡಿಯ ಬದಲು 28 ಅಡಿ ಬಂತು ಅಂದುಕೊಳ್ಳಿ. "ಎರಡೇ ಅಡಿ ಬಿಡಮ್ಮ" ಅಂತ ಹೇಳುವವರಿದ್ದಾರೆ. ಎರಡೇ ಅಡಿಯೇ? 2 ಅಡಿ ಅಗಲ, 40 ಅಡಿ ಉದ್ದ. ಅದು 80 ಚದರ ಅಡಿ ಆಯಿತು. ಚದರ ಅಡಿಗೆ 500ರಂತೆ 40,000 ರೂಪಾಯಿ. ಬಿಡೋದಕ್ಕೆ ಆಗುತ್ತದೆಯೇ?

ಪಹಣಿಯ ಚುಕ್ಕಿ

ಈಗ ಹೊಲದ ಲೆಕ್ಕಕ್ಕೆ ಬರೋಣ. ಹೊಲವನ್ನು ಎಕರೆ ಮತ್ತು ಗುಂಟೆಯಲ್ಲಿ ಅಳೆಯುತ್ತಾರೆ.

33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. ಅಂದರೆ 1,089 ಚದರ ಅಡಿ.
40 ಗುಂಟೆಗೆ ಒಂದು ಎಕರೆ.
20 ಗುಂಟೆ ಅಂದರೆ ಅರ್ಧ ಎಕರೆ.
10 ಗುಂಟೆ ಅಂದರೆ ಕಾಲು ಎಕರೆ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ತವರಿನಿಂದ ಅವರ ಪಾಲಿಗೆ ಒಂದು ತುಂಡು ಹೊಲ ಬಂದಿತ್ತು. ಮಗಳ ಓದಿಗೆ ಹಣ ಬೇಕಾಗಿ ಅದನ್ನು ಮಾರಲು ಹೊರಟರು. ಪಹಣಿಯಲ್ಲಿ ವಿಸ್ತೀರ್ಣ 1.10 ಎಂದು ಇತ್ತು. ಎಕರೆಗೆ 12 ಲಕ್ಷ ಎಂದು ಮಾತಾಯಿತು.

ದಲ್ಲಾಳಿ ಮೊಬೈಲ್ ತೆಗೆದ. ಅದರಲ್ಲಿ 12 ಲಕ್ಷವನ್ನು 1.10ರಿಂದ ಗುಣಿಸಿದ. "ನೋಡಮ್ಮ, 13 ಲಕ್ಷ 20 ಸಾವಿರ. ಮಿಷಿನ್ನೇ ಹೇಳ್ತಾ ಇದೆ" ಅಂದ.

ಅಕ್ಕ ಸುಮ್ಮನಾಗಲಿಲ್ಲ. ಪಹಣಿಯನ್ನು ಮತ್ತೆ ಓದಿದರು. ಬೆರಳಿಟ್ಟು ಓದಿದರು. ಆಮೇಲೆ ಕೇಳಿದರು: "ಅಣ್ಣಾ, ಹತ್ತು ಅಂದ್ರೆ ಹತ್ತು ಗುಂಟೆ. ಹತ್ತು ಗುಂಟೆ ಅಂದ್ರೆ ಕಾಲು ಎಕರೆ. ಎಕರೆಗೆ ಹನ್ನೆರಡು ಆದ್ರೆ ಕಾಲು ಎಕರೆಗೆ ಮೂರು ಲಕ್ಷ. ನೀನು ಒಂದು ಲಕ್ಷದ ಇಪ್ಪತ್ತು ಸಾವಿರ ಮಾತ್ರ ಹಾಕಿದ್ದೀಯಲ್ಲ?"

ದಲ್ಲಾಳಿ ಬೇಕಂತ ಮಾಡಿದನೋ, ಗೊತ್ತಿಲ್ಲದೆ ಮಾಡಿದನೋ, ಅದು ಬೇರೆ ಮಾತು. ಲೆಕ್ಕ ಮಾತ್ರ ಅಕ್ಕನದೇ ಸರಿ. ಹೇಗೆ ಎಂದು ನೋಡೋಣ.

ಪಹಣಿಯಲ್ಲಿ ಚುಕ್ಕಿಯ ಎಡಕ್ಕೆ ಇರುವುದು ಎಕರೆ. ಬಲಕ್ಕೆ ಇರುವುದು ಗುಂಟೆ. ಆದ್ದರಿಂದ 1.10 ಅಂದರೆ ಒಂದು ಎಕರೆ ಹತ್ತು ಗುಂಟೆ. ಮೊಬೈಲಿಗೆ ಗುಂಟೆ ಗೊತ್ತಿಲ್ಲ. ಅದು ಈ ಚುಕ್ಕಿಯನ್ನು ರೂಪಾಯಿ ಪೈಸೆಯ ಚುಕ್ಕಿಯ ಹಾಗೆ ಓದುತ್ತದೆ. ರೂಪಾಯಿಗೆ ನೂರು ಪೈಸೆ. ಆದರೆ ಎಕರೆಗೆ ನಲವತ್ತೇ ಗುಂಟೆ. ಅಲ್ಲೇ ತಪ್ಪಾಗುವುದು.

ಸರಿಯಾದ ಲೆಕ್ಕಕ್ಕೆ ಮೂರು ಹೆಜ್ಜೆ:

1. ನೆಲವನ್ನೆಲ್ಲ ಗುಂಟೆ ಮಾಡಿ. 1 ಎಕರೆ ಅಂದರೆ 40 ಗುಂಟೆ. ಅದಕ್ಕೆ 10 ಕೂಡಿಸಿದರೆ 50 ಗುಂಟೆ.
2. ಒಂದು ಗುಂಟೆಯ ಬೆಲೆ ತೆಗೆಯಿರಿ. 12 ಲಕ್ಷವನ್ನು 40ರಿಂದ ಭಾಗಿಸಿದರೆ 30,000 ರೂಪಾಯಿ.
3. ಎರಡನ್ನೂ ಗುಣಿಸಿ. 50 ಗುಂಟೆಗೆ 30,000ದಂತೆ 15 ಲಕ್ಷ ರೂಪಾಯಿ.

ದಲ್ಲಾಳಿಯ ಲೆಕ್ಕಕ್ಕೂ ಅಕ್ಕನ ಲೆಕ್ಕಕ್ಕೂ 1 ಲಕ್ಷದ 80 ಸಾವಿರ ವ್ಯತ್ಯಾಸ! ಒಂದು ಚುಕ್ಕಿಯನ್ನು ಸರಿಯಾಗಿ ಓದಿದ್ದಕ್ಕೆ ಅಷ್ಟು ಹಣ ಉಳಿಯಿತು. ಅದು ಆರು ಗುಂಟೆ ನೆಲದ ಬೆಲೆ.

ಪಹಣಿಯಲ್ಲಿ ಗುಂಟೆಯ ಮುಂದೆ ಇನ್ನೂ ಅಂಕಿ ಇದ್ದರೆ ಗಾಬರಿಯಾಗಬೇಡಿ. ಅದು ಆಣೆ. 16 ಆಣೆಗೆ ಒಂದು ಗುಂಟೆ.

ನಮ್ಮ ಕೈಗೂ ಕಾಗದ ಬರುತ್ತದೆ

"ಜಮೀನಿನ ಲೆಕ್ಕ ಗಂಡಸರಿಗೆ ಬಿಡಿ" ಅಂತ ಕೆಲವರು ಹೇಳ್ತಾರೆ. ಆ ಕಾಲ ಹೋಯಿತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ತಿದ್ದುಪಡಿಯಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಇರುವಷ್ಟೇ ಹಕ್ಕು ಮಗಳಿಗೂ ಬಂತು. ಪಾಲು ಮಾಡುವಾಗ, ಮಾರುವಾಗ ನಮ್ಮ ರುಜು ಕೇಳಿಕೊಂಡು ಬರುತ್ತಾರೆ. ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ರುಜು ಹಾಕುತ್ತೇವೆ. ರುಜು ಹಾಕುವ ಮುಂಚೆ ಓದೋಣ. ಓದಿದ ಮೇಲೆ ಲೆಕ್ಕ ಹಾಕೋಣ. ಲೆಕ್ಕ ಸರಿಯಾದ ಮೇಲೆ ರುಜು ಹಾಕೋಣ. ಅವಸರ ಮಾಡುವವರಿಗೆ "ನಾಳೆ ಬನ್ನಿ" ಎನ್ನೋಣ. ತಪ್ಪೇನಿಲ್ಲ.

ನೀವೇ ಲೆಕ್ಕ ಮಾಡಿ

1. ಪಹಣಿಯಲ್ಲಿ 2.05 ಎಂದು ಇದೆ. ಎಕರೆಗೆ 8 ಲಕ್ಷ ರೂಪಾಯಿ. ಒಟ್ಟು ಬೆಲೆ ಎಷ್ಟು?
2. ಅಕ್ಕನ ಪಾಲು 0.38. ತಂಗಿಯ ಪಾಲು 0.05. ಎರಡೂ ಸೇರಿದರೆ ಪಹಣಿಯಲ್ಲಿ ಹೇಗೆ ಬರೆಯುತ್ತಾರೆ?
3. ಒಂದು ಗುಂಟೆ ನಿವೇಶನಕ್ಕೆ 5 ಲಕ್ಷದ 50 ಸಾವಿರ. ಇನ್ನೊಂದು ನಿವೇಶನ 1,200 ಚದರ ಅಡಿ, ಬೆಲೆ 6 ಲಕ್ಷ. ಚದರ ಅಡಿ ಲೆಕ್ಕದಲ್ಲಿ ಯಾವುದು ಅಗ್ಗ?

ಉತ್ತರ: (1) 85 ಗುಂಟೆ. ಗುಂಟೆಗೆ 20,000. ಒಟ್ಟು 17 ಲಕ್ಷ ರೂಪಾಯಿ. (2) 43 ಗುಂಟೆ, ಅಂದರೆ 1 ಎಕರೆ 3 ಗುಂಟೆ. ಪಹಣಿಯಲ್ಲಿ 1.03. (3) ಮೊದಲನೆಯದು ಚದರ ಅಡಿಗೆ ಸುಮಾರು 505 ರೂಪಾಯಿ. ಎರಡನೆಯದು 500 ರೂಪಾಯಿ. ಎರಡನೆಯದೇ ಅಗ್ಗ.

ಮೂರೂ ಸರಿಯಾಯಿತೇ? ಹಾಗಾದರೆ ಇಂದು ಮನೆಯಲ್ಲಿರುವ ಪಹಣಿಯನ್ನು ತೆಗೆಯಿರಿ. ನಿಮ್ಮ ಹೊಲ ಎಷ್ಟು ಗುಂಟೆ ಎಂದು ನೀವೇ ಓದಿ ಹೇಳಿ.