ಕೃತಕ ಡಿಎನ್‌ಎ ಬೇಡಿಕೆಗಳಿಗೆ ಕಾವಲು

ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಸರಣಿಯೇ ಡಿಎನ್‌ಎ. ಬೇಕಾದ ಸರಣಿಯನ್ನು ಕಂಪ್ಯೂಟರಿನಲ್ಲಿ ಬರೆದು ಕಳುಹಿಸಿದರೆ, ಅದನ್ನು ಜೋಡಿಸಿ ಪ್ರಯೋಗಾಲಯಕ್ಕೆ ತಲುಪಿಸುವ ಕಂಪನಿಗಳಿವೆ. ಲಸಿಕೆ, ಔಷಧ, ತಳಿ ಸಂಶೋಧನೆಗಳಿಗೆ ಇದು ನಿತ್ಯದ ಸಾಮಗ್ರಿ.

ಇದರ ಅಪಾಯದ ಮುಖವೂ ಬೇಗನೆ ಕಂಡಿತು. 2002ರಲ್ಲಿ ಅಮೆರಿಕದ ಸ್ಟೋನಿ ಬ್ರೂಕ್‌ನ ಎಕಾರ್ಡ್ ವಿಮ್ಮರ್ ತಂಡ, ಸುಮಾರು 7,500 ಅಕ್ಷರಗಳ ಪೋಲಿಯೊ ವೈರಸ್ಸನ್ನು ಕೃತಕ ಡಿಎನ್‌ಎಯಿಂದ ರೂಪಿಸಿದ್ದನ್ನು ಪ್ರಕಟಿಸಿತು. 2018ರಲ್ಲಿ ಕೆನಡಾದ ಸಂಶೋಧಕರು, ಸಿಡುಬಿನ ವೈರಸ್ಸಿನ ಸಂಬಂಧಿಯಾದ ಕುದುರೆ ಸಿಡುಬಿನ ವೈರಸ್ಸನ್ನು ಹೀಗೆಯೇ ಮರುಸೃಷ್ಟಿಸಿದ್ದನ್ನು ವರದಿ ಮಾಡಿದರು.

ಆದ್ದರಿಂದ ತಯಾರಿಕೆಗೆ ಮೊದಲು ಎರಡು ತಪಾಸಣೆಗಳು ನಡೆಯುತ್ತವೆ. ಮೊದಲನೆಯದು ಸರಣಿಯದು: ಕೇಳಿದ ಡಿಎನ್‌ಎಯನ್ನು ಅಪಾಯಕಾರಿ ರೋಗಾಣುಗಳ ಮತ್ತು ವಿಷಗಳ ದತ್ತಾಂಶದೊಂದಿಗೆ ತಂತ್ರಾಂಶ ಹೋಲಿಸುತ್ತದೆ. ನಿರುಪದ್ರವಿ ಜೀವಿಗಳಲ್ಲೂ ಅಂಥ ವಂಶವಾಹಿಗಳಿರಬಹುದಾದ್ದರಿಂದ, ಅನುಮಾನ ಬಂದದ್ದನ್ನು ತಜ್ಞರು ಮತ್ತೆ ಪರಿಶೀಲಿಸುತ್ತಾರೆ. ಎರಡನೆಯದು ಗ್ರಾಹಕರದು: ಕೇಳುತ್ತಿರುವವರು ಯಾರು, ಯಾವ ಸಂಸ್ಥೆಯವರು, ಉದ್ದೇಶವೇನು ಎಂಬ ವಿಚಾರಣೆ.

ಪ್ರಮುಖ ತಯಾರಕರು 2009ರಲ್ಲಿ ಒಕ್ಕೂಟ ರಚಿಸಿಕೊಂಡು ಸಮಾನ ನಿಯಮಗಳನ್ನು ಒಪ್ಪಿಕೊಂಡರು. ಅಮೆರಿಕ ಸರ್ಕಾರದ 2010ರ ಮಾರ್ಗಸೂಚಿ 200 ಅಕ್ಷರಗಳ ತುಣುಕನ್ನು ತಪಾಸಣೆಯ ಅಳತೆಯಾಗಿಸಿತ್ತು. 2023ರ ಪರಿಷ್ಕರಣೆ ಅದನ್ನು 50ಕ್ಕೆ ಇಳಿಸುವ ಗುರಿಯಿಟ್ಟಿತು.

ಲೋಪಗಳು ಉಳಿದಿವೆ. ಈ ಮಾರ್ಗಸೂಚಿ ಪಾಲನೆ ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ಒಕ್ಕೂಟದ ಹೊರಗೂ ತಯಾರಕರಿದ್ದಾರೆ. ಮೇಜಿನ ಮೇಲೆಯೇ ಡಿಎನ್‌ಎ ತಯಾರಿಸುವ ಯಂತ್ರಗಳು ಬಂದಿರುವುದರಿಂದ, ತಪಾಸಣೆಯನ್ನು ಯಂತ್ರದೊಳಗೇ ಅಳವಡಿಸಬೇಕೆಂಬ ವಾದ ಬಲಗೊಂಡಿದೆ.