ಹಲಗೆ ಸವೆದ ಮೇಲೂ ಉಳಿಯುವ ಹೆಸರು

ಮಧುಗಿರಿಯಿಂದ ಪಾವಗಡದ ಬಸ್ಸು ಹತ್ತಿದರೆ ನಾನು ಕೇಳುವುದು ಸ್ಕೇಟ್‌ಬೋರ್ಡ್ ಸವಾರರ ಸಂದರ್ಶನ. ಅಮೆರಿಕದ ‘ದಿ ನೈನ್ ಕ್ಲಬ್’ ಪಾಡ್‌ಕಾಸ್ಟ್ ಶುರುವಾದದ್ದು 2016ರಲ್ಲಿ. ನಡೆಸುವ ಕ್ರಿಸ್ ರಾಬರ್ಟ್ಸ್ ಸ್ವತಃ ಸವಾರ. ಮೊದಲ ಹಲಗೆ ಯಾರು ಕೊಟ್ಟರು, ಯಾವ ಕಂಪನಿ ಕರೆಯಿತು, ಯಾಕೆ ಬಿಟ್ಟಿರಿ ಎಂದು ಅವಸರವಿಲ್ಲದೆ ಗಂಟೆಗಟ್ಟಲೆ ಕೇಳುತ್ತಾರೆ.

ಹಳೆಯ ಬ್ರ್ಯಾಂಡುಗಳ ಮಾತು ಬಂದರೆ ಸವಾರರ ದನಿಯೇ ಬದಲಾಗುತ್ತದೆ. 1978ರಲ್ಲಿ ಶುರುವಾದ ಪೊವೆಲ್ ಪೆರಾಲ್ಟಾ ಕಂಪನಿಯ ತಂಡದಲ್ಲಿ ಬೆಳೆದವನು ಸವಾರ ಟೋನಿ ಹಾಕ್. 1987ರಲ್ಲಿ ಸ್ಟೀವ್ ರಾಕೊ ಕಟ್ಟಿದ ವರ್ಲ್ಡ್ ಇಂಡಸ್ಟ್ರೀಸ್, ಸವಾರರೂ ಮಾಲೀಕರಾಗಬಲ್ಲರೆಂದು ತೋರಿಸಿತು. ಆದರೆ ಮೇಪಲ್ ಮರದ ಏಳು ಪದರ ಅಂಟಿಸಿದ ಹಲಗೆ ಬೇಗ ಸವೆಯುತ್ತದೆ. ಅಡಿಯ ಚಿತ್ರ ಕಂಬಿಗೆ ಉಜ್ಜಿ ಅಳಿಯುತ್ತದೆ. ವಸ್ತು ಉಳಿಯದ್ದರಿಂದಲೇ ನೆನಪು ಇಷ್ಟು ಗಾಢ ಎಂಬುದು ನನ್ನ ನಂಬಿಕೆ. ತುಮಕೂರಿನ ಎಚ್‌ಎಂಟಿ ವಾಚನ್ನು ಇಂದಿಗೂ ಕಟ್ಟುವ ಶಿರಾ, ಕೊರಟಗೆರೆಯ ಹಿರಿಯರಿಗೆ ಹಳೆಯ ಬ್ರ್ಯಾಂಡಿನ ಮೇಲಿನ ಈ ಪ್ರೀತಿ ಹೊಸದಲ್ಲ.

ಬೆಂಗಳೂರಿನ ಹೋಲಿಸ್ಟೋಕ್ಡ್ ಎಂಬ ಸವಾರರ ಗುಂಪಿನ ಗೆಳೆಯರು 2013ರಲ್ಲಿ ಲೀವೈಸ್ ನೆರವಿನಿಂದ ಉಚಿತ ಸ್ಕೇಟ್‌ಪಾರ್ಕ್ ಕಟ್ಟಿದರು. ಅವರನ್ನೂ ಕೂರಿಸಿಕೊಂಡು ಕನ್ನಡದಲ್ಲಿ ಯಾರಾದರೂ ಕೇಳಬೇಕು: ಸಿಮೆಂಟು ಕಲಸಿದವರು ಯಾರು, ಇಳಿಜಾರಿಗೆ ಮೊದಲು ಇಳಿದವರು ಯಾರು, ಆಗ ಕಾಲಡಿಯಲ್ಲಿದ್ದ ಹಲಗೆ ಯಾವ ಕಂಪನಿಯದು?