ಲಾಗಿನ್ ಅಗತ್ಯವಿರುವ ಜಾಲಪುಟಗಳಿಂದ ಪಿಡಿಎಫ್ ರಚನೆ

ಲಾಗಿನ್ ಅಗತ್ಯವಿರುವ ಜಾಲಪುಟಗಳಿಂದ ಪಿಡಿಎಫ್ ರಚನೆ ಎಂದರೆ, ಗುರುತು ದೃಢಪಡಿಸಿದ ಬಳಕೆದಾರರಿಗೆ ಮಾತ್ರ ತೆರೆದುಕೊಳ್ಳುವ ಪುಟದ ವಿಷಯವನ್ನು ಪಿಡಿಎಫ್ ಕಡತವಾಗಿ ಪರಿವರ್ತಿಸುವ ಕ್ರಿಯೆ. ಕರ್ನಾಟಕದ ಕಂದಾಯ ಇಲಾಖೆಯ ನಾಡಕಚೇರಿ ಜಾಲತಾಣ ಇದಕ್ಕೆ ಪರಿಚಿತ ಸಂದರ್ಭ. ತುಮಕೂರಿನ ಅಂತರಸನಹಳ್ಳಿಯ ವಿದ್ಯಾರ್ಥಿಯೊಬ್ಬರು ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಮನೆಯಿಂದಲೇ ಅರ್ಜಿ ಸಲ್ಲಿಸಲು, ಮೊಬೈಲಿಗೆ ಬರುವ ಒಟಿಪಿ ನಮೂದಿಸಿ ಲಾಗಿನ್ ಆಗಬೇಕಾಗುತ್ತದೆ.

ತೊಡಕಿನ ಮೂಲ

ಎಚ್‌ಟಿಟಿಪಿ ಪ್ರತಿಯೊಂದು ಕೋರಿಕೆಯನ್ನೂ ಹೊಸದೆಂದೇ ಪರಿಗಣಿಸುತ್ತದೆ. ಆದ್ದರಿಂದ ಲಾಗಿನ್ ಆದ ಬಳಿಕ ಸರ್ವರ್ ಸಾಮಾನ್ಯವಾಗಿ ಕುಕಿಯ ರೂಪದಲ್ಲಿ ಒಂದು ಗುರುತನ್ನು ನೀಡುತ್ತದೆ. ಬ್ರೌಸರ್ ಮುಂದಿನ ಕೋರಿಕೆಗಳೊಡನೆ ಅದನ್ನು ಕಳುಹಿಸುತ್ತಿರುತ್ತದೆ. ಪುಟದ ವಿಳಾಸವನ್ನಷ್ಟೇ ಬೇರೊಂದು ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟರೆ ಅದರ ಬಳಿ ಈ ಕುಕಿ ಇರುವುದಿಲ್ಲ. ಸರ್ವರ್ ಲಾಗಿನ್ ಪುಟವನ್ನು ಕಳುಹಿಸುತ್ತದೆ, ತಂತ್ರಾಂಶವು ಯಾವ ದೋಷವನ್ನೂ ಸೂಚಿಸದೆ ಆ ಲಾಗಿನ್ ಪುಟವನ್ನೇ ಅಚ್ಚುಕಟ್ಟಾದ ಪಿಡಿಎಫ್ ಆಗಿ ಮಾಡಿಕೊಡುತ್ತದೆ. ಕಡತವನ್ನು ತೆರೆದು ನೋಡದೆ ಅರ್ಜಿಗೆ ಲಗತ್ತಿಸಿದರೆ ತಪ್ಪು ತಿಳಿಯುವುದು ಅರ್ಜಿ ತಿರಸ್ಕೃತವಾದಾಗಲೇ.

ವಿಧಾನಗಳು

ಲಾಗಿನ್ ಆಗಿರುವ ಬ್ರೌಸರಿನ ಮುದ್ರಣ ಆಯ್ಕೆಯಿಂದಲೇ ಪಿಡಿಎಫ್ ಉಳಿಸುವುದು ಅತ್ಯಂತ ಸರಳ. ತಂತ್ರಾಂಶ ರಚಿಸುವವರು 2017ರಲ್ಲಿ ಕ್ರೋಮ್ 59ರೊಂದಿಗೆ ಬಂದ, ಪರದೆಯಿಲ್ಲದೆ ನಡೆಯುವ ಹೆಡ್‌ಲೆಸ್ ವಿಧಾನಕ್ಕೆ ಬಳಕೆದಾರರ ಕುಕಿಯನ್ನು ಒದಗಿಸಿ ಪುಟವನ್ನು ಪರಿವರ್ತಿಸಬಲ್ಲರು. ಸ್ವಂತ ಜಾಲತಾಣವಾದರೆ ಪುಟದ ಗೊಡವೆಯೇ ಬೇಡ. ದತ್ತಾಂಶದಿಂದ ನೇರವಾಗಿ ಸರ್ವರಿನಲ್ಲಿ ಪಿಡಿಎಫ್ ರಚಿಸುವುದು ಲೇಸು. ಕುಕಿಯನ್ನು ಅಪರಿಚಿತ ಪರಿವರ್ತಕ ತಾಣಗಳಿಗೆ ಕೊಡಬಾರದು: ಅದು ಜೀವಂತವಿರುವವರೆಗೆ, ಪಡೆದವರು ಗುಪ್ತಪದವಿಲ್ಲದೆಯೂ ಖಾತೆಯನ್ನು ಪ್ರವೇಶಿಸಲು ಸಾಧ್ಯ.

ಸರ್ವರಿನಲ್ಲಿ ಕನ್ನಡದ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಮೂಡುತ್ತವೆ. ಫಾಂಟ್ ಇದ್ದರೂ ಅಕ್ಷರ ಜೋಡಣೆಯ ವ್ಯವಸ್ಥೆ ಸರಿಯಿಲ್ಲದಿದ್ದರೆ ಒತ್ತಕ್ಷರಗಳು ಒಡೆದುಹೋಗುತ್ತವೆ.

ಅಧಿಕೃತತೆ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ನೀಡಿದೆ. ಪಿಡಿಎಫ್‌ನಲ್ಲಿ ಈ ಸಹಿಯನ್ನು ಕಡತದ ಬೈಟ್‌ಗಳಿಂದಲೇ ಲೆಕ್ಕಹಾಕಲಾಗುತ್ತದೆ. ಹೀಗಾಗಿ ಸಹಿಯುಳ್ಳ ಕಡತವನ್ನು ತೆರೆದು ಮತ್ತೆ ಪಿಡಿಎಫ್ ಆಗಿ ಮುದ್ರಿಸಿದರೆ ಸಹಿಯ ಚಿತ್ರ ಉಳಿದರೂ ಸಹಿ ಉಳಿಯದು. ಇಳಿಸಿಕೊಂಡ ಮೂಲ ಕಡತವನ್ನೇ ಕಾಪಾಡಿಕೊಳ್ಳಬೇಕು. ನಾಡಕಚೇರಿಯ ಪ್ರಮಾಣಪತ್ರದ ನೈಜತೆಯನ್ನು, ಅದರಲ್ಲಿರುವ 'ಆರ್‌ಡಿ' ಎಂದು ಆರಂಭವಾಗುವ ಸಂಖ್ಯೆಯನ್ನು ಜಾಲತಾಣದಲ್ಲಿ ನಮೂದಿಸಿಯೂ ಪರಿಶೀಲಿಸಬಹುದು.